ಮಾವನ ಬೂಟೂ ಎಮ್ಮೆಯ ತಳವೂ

ಮನೆ ಬಿಡುವ ಹೊತ್ತಿಗೆ ಸರಿಯಾಗಿ ತಳದಯ್ಯನ ಬಲಗಾಲಿನ ಬೂಟಿನ ತಳ ಬಿಟ್ಟುಹೋಯಿತು. ಅರ್ಧಂಬರ್ಧ ಬಿಟ್ಟದ್ದಲ್ಲ. ಹೊಸ್ತಿಲು ದಾಟಲು ಕಾಲೆತ್ತಿದರೆ ಮೇಲಿನ ಚರ್ಮ ಮಾತ್ರ ಅವನೊಡನೆ ಹೊರಗೆ ಬಂತು. ತಳ ಮುದಿ ನಾಯಿಯ ಹಾಗೆ ಹೊಸ್ತಿಲ ಒಳಗೇ ಮಲಗಿಬಿಟ್ಟಿತು.

"ಇವತ್ತೇ ಬಿಡಬೇಕಾಗಿತ್ತಾ ಇದು?" ಎಂದ ತಳದಯ್ಯ.

"ತಿಂಗಳಿಂದ ಬಾಯಿ ಬಿಟ್ಕೊಂಡು ಹೇಳ್ತಾನೇ ಇತ್ತು, ನಿಮ್ಮ ಕಿವಿಗೆ ಬೀಳಲಿಲ್ಲ," ಎಂದಳು ಹೆಂಡತಿ. "ಸೈನ್ಯದ ಗಾಡಿಗೆಲ್ಲ ತಳ ಹಾಕ್ತೀರಿ. ನಿಮ್ಮ ಕಾಲಿಗೊಂದು ಹಾಕ್ಕೊಳ್ಳೋಕೆ ಪುರಸೊತ್ತಿಲ್ಲ."

ತಳದಯ್ಯ ಎನ್ನುವುದು ಅವನಿಗೆ ತಂದೆತಾಯಿ ಇಟ್ಟ ಹೆಸರಲ್ಲ, ಕಾರ್ಖಾನೆ ಇಟ್ಟದ್ದು. ನೆಲಬಾಂಬು ಅಡಿಯಲ್ಲೇ ಸಿಡಿದರೂ ಒಳಗೆ ಕೂತವರ ಕೂದಲು ಕೊಂಕದಂಥ ಒಂದು ಗಾಡಿಯನ್ನು ಆ ಕಾರ್ಖಾನೆ ವರ್ಷಗಟ್ಟಲೆಯಿಂದ ಕಟ್ಟುತ್ತ, ಬಿಚ್ಚುತ್ತ, ಮತ್ತೆ ಕಟ್ಟುತ್ತ ಬಂದಿತ್ತು. ಗಾಡಿಯ ಕೆಳಭಾಗದ ವಿನ್ಯಾಸವೆಲ್ಲ ಇವನದು. ಆ ದಿನ ಸಿಡಿತದ ಮೈದಾನದಲ್ಲಿ ಗಾಡಿಯ ಕೊನೆಯ ಪರೀಕ್ಷೆ. ಮೈದಾನಕ್ಕೆ ಕಣಕಾಲು ಮುಚ್ಚುವ ಗಟ್ಟಿ ಬೂಟು ಹಾಕಿಕೊಂಡೇ ಬರಬೇಕು, ಚಪ್ಪಲಿಯಲ್ಲಿ ಬಂದವರನ್ನು ಗೇಟಿನಿಂದಲೇ ತಿರುಗಿಸಿ ಕಳಿಸುವ ಪದ್ಧತಿ.

ಹೆಂಡತಿ ಒಂದು ಗಳಿಗೆ ಯೋಚಿಸಿ, ಬಚ್ಚಲಿನ ಕಡೆಗೊಮ್ಮೆ ಕಿವಿಗೊಟ್ಟು, ಬಾಗಿಲ ಹಿಂದಿನಿಂದ ಒಂದು ಜೊತೆ ಬೂಟು ತಂದಿಟ್ಟಳು. ಅವು ಅವಳ ಅಪ್ಪನವು. ಮಾವ ರೈಲು ಹಳಿಯ ಮೇಲೆ ನಡೆದು ನಡೆದೇ ಕೂದಲು ನರೆಸಿಕೊಂಡು ನಿವೃತ್ತನಾದ ಮನುಷ್ಯ. ಹಳಿ ಕಾಯುವವನಿಗೆ ಬೂಟೆಂದರೆ ರೈತನಿಗೆ ಎತ್ತಿದ್ದ ಹಾಗೆ. ದಿನಾ ಮೈ ತಿಕ್ಕುತ್ತಿದ್ದ, ವಾರಕ್ಕೊಮ್ಮೆ ಎಣ್ಣೆ ಕುಡಿಸುತ್ತಿದ್ದ, ಬೇರೆಯವರು ಮುಟ್ಟಿದರೆ ಅಂದು ಊಟ ಬಿಡುತ್ತಿದ್ದ. ಹಿಮ್ಮಡಿ ನೋವಿಗೆ ಔಷಧಿ ಮಾಡಿಸಲೆಂದು ಮಗಳ ಮನೆಗೆ ಬಂದವನು ನೋವು ಹೋದಮೇಲೂ ಇಲ್ಲೇ ಉಳಿದಿದ್ದ.

"ಅಪ್ಪ ಸ್ನಾನಕ್ಕೆ ಹೋಗಿದ್ದಾರೆ. ಹಾಕ್ಕೊಂಡು ಬೇಗ ಹೊರಡಿ. ಸಂಜೆ ಅವರಿಗೆ ಸನ್ಮಾನ ಇದೆ. ಅಷ್ಟೊತ್ತಿಗೆ ಬೂಟು ಇದೇ ಮೂಲೇಲಿ ಇರಬೇಕು."

"ಅವರಿಗೆ ಯಾತಕ್ಕೆ ಸನ್ಮಾನ?"

"ನಂಗೇನು ಗೊತ್ತು. ಕೇಳಿದ್ರೆ ಬಂದು ನೋಡು ಅಂತಾರೆ. ಅವರ ಜೊತೆ ಹಳಿ ಕಾಯ್ತಿದ್ದ ಮುದುಕರೆಲ್ಲ ಸೇರಿ ಮಾಡ್ತಾರಂತೆ. ನೋಡಿ, ಒಂದು ಗೀರು ಬಿದ್ದರೂ ನಾನು ನಿಮ್ಮ ಕಡೆ ಇರಲ್ಲ, ಅವರ ಕಡೆ."

ತಳದಯ್ಯ ಬೂಟು ಹಾಕಿಕೊಂಡು ಬೀದಿಗಿಳಿದ. ನಾಲ್ಕು ಹೆಜ್ಜೆ ಇಟ್ಟವನಿಗೆ ಆಶ್ಚರ್ಯವಾಯಿತು. ಹುಲ್ಲಿನ ಬಣವೆಯ ಮೇಲೆ ನಡೆದ ಹಾಗಿತ್ತು. ಹಳೇ ಕಾಲದವರು ಬೂಟು ಹೊಲಿದರೆ ಹೀಗೆ ಹೊಲಿಯುತ್ತಿದ್ದರು ಎಂದು ಮನಸ್ಸಿನಲ್ಲೇ ಹೊಗಳಿಕೊಂಡು ಕಾರ್ಖಾನೆಯ ಬಸ್ಸು ಹತ್ತಿದ.

ಬಸ್ಸಿನಲ್ಲಿ ಅವನ ಪಕ್ಕಕ್ಕೇ ಬಂದು ಕೂತವನು ಸೀಟಣ್ಣ. ಗಾಡಿಯ ಸೀಟುಗಳೆಲ್ಲ ಸೀಟಣ್ಣನವು. ಇವನ ತಳ, ಅವನ ಸೀಟು; ಇಬ್ಬರಿಗೂ ಎಣ್ಣೆ ಸೀಗೇಕಾಯಿ. ಜಗಳದ ಬೇರು ಸೈನಿಕನ ಕಾಲಿನಲ್ಲಿತ್ತು. ಗಾಡಿಯ ಹೊಟ್ಟೆ ಚಪ್ಪಟೆಯಾಗಿರಲಿಲ್ಲ, ದೋಣಿಯ ಹೊಟ್ಟೆಯಂತೆ ಎರಡು ಬದಿಗೂ ಇಳಿಜಾರಾಗಿತ್ತು. ಕೆಳಗಿನಿಂದ ಎದ್ದ ಸಿಡಿತ ಎದುರಾಬದುರು ಗುದ್ದಾಡದೆ ಎರಡು ಪಕ್ಕಕ್ಕೆ ಜಾರಿ ಹೋಗಬೇಕು. ಅಷ್ಟರಮಟ್ಟಿಗೆ ಎಲ್ಲರಿಗೂ ಒಪ್ಪಿಗೆ. ಆದರೆ ಜಾರಿ ಹೋಗುವಾಗಲೂ ಉಕ್ಕು ಒಂದು ಸಲ ಮೇಲಕ್ಕೆ ಒದೆಯುತ್ತದೆ, ಆ ಒದೆತ ಅಂಗಾಲಿಗೆ ಬಿದ್ದರೆ ಮೊಣಕಾಲಿನವರೆಗೆ ಮೂಳೆ ಉಳಿಯುವುದಿಲ್ಲ. ಅದಕ್ಕೆ ಸೀಟಣ್ಣ ಹೇಳಿದ ಉಪಾಯ, ಕಾಲು ನೆಲಕ್ಕೆ ತಾಗದ ಹಾಗೆ ಸೀಟಿಗೇ ಒಂದು ಕಾಲುಮಣೆ ಕಟ್ಟಿ ಮೇಲಿನಿಂದ ತೂಗುಹಾಕುವುದು. ತಳದಯ್ಯ ಹೇಳಿದ್ದು, ನೆಲವನ್ನೇ ತೂಗುಹಾಕುವುದು.

ಈ ತೂಗುನೆಲ ಅವನಿಗೆ ಹೊಳೆದದ್ದು ಅವ್ವನ ಅಡುಗೆಮನೆಯ ಸೂರಿಗೆ ತೂಗುಹಾಕಿದ್ದ ನೆಲುವಿನಿಂದ. ಚಿಕ್ಕವನಿದ್ದಾಗ ಎಷ್ಟೋ ಸಲ ಬೆಕ್ಕು ಗೋಡೆ ಹತ್ತಿ ಹಾರಿ, ಒಲೆಯ ಮೇಲಿದ್ದದ್ದೆಲ್ಲ ಉರುಳಿಸಿ ರಂಪ ಮಾಡಿತ್ತು. ನೆಲುವಿನಲ್ಲಿಟ್ಟ ಹಾಲಿನ ಮಡಕೆ ಮಾತ್ರ ಸುಮ್ಮನೆ ಒಮ್ಮೆ ತೂಗಿ ನಿಲ್ಲುತ್ತಿತ್ತು. ಹಾಗೆಯೇ ಗಾಡಿಯ ಉಕ್ಕಿನ ಹೊಟ್ಟೆಯ ಮೇಲೆ ಇನ್ನೊಂದು ನೆಲ, ಹೊಟ್ಟೆಗೆ ಎಲ್ಲೂ ತಾಗದೆ ನಾಲ್ಕು ಬದಿಯಿಂದ ತೂಗುತ್ತಿರಬೇಕು, ತೂಗುವ ಕೊಂಡಿಗಳ ನಡುವೆ ರಬ್ಬರಿನ ಬಿಲ್ಲೆಗಳಿರಬೇಕು.

"ಇವತ್ತು ಕಾಲಿಗೆ ಬೀಳೋ ಪೆಟ್ಟಿನ ಲೆಕ್ಕ ಮಿತಿ ಮೀರಿದ್ರೆ ನಿನ್ನ ನೆಲ ಗುಜರಿಗೆ," ಎಂದ ಸೀಟಣ್ಣ, ಬಹಳ ಪ್ರೀತಿಯಿಂದ. "ಮ್ಯಾನೇಜರು ಆಗಲೇ ಹೇಳಿಬಿಟ್ಟಿದ್ದಾರೆ. ನನ್ನ ಕಾಲುಮಣೆ ಹಾಕ್ತಾರೆ, ನಿನ್ನನ್ನ ಕ್ಯಾಂಟೀನಿನ ತಳ್ಳುಗಾಡಿ ವಿಭಾಗಕ್ಕೆ ಹಾಕ್ತಾರೆ. ಅದಕ್ಕೂ ತಳ ಇರುತ್ತೆ, ಬೇಜಾರು ಮಾಡ್ಕೋಬೇಡ."

"ನನ್ನ ನೆಲಕ್ಕೆ ಏನೂ ಆಗಿಲ್ಲ, ಆಗೋದೂ ಇಲ್ಲ. ಹೋದ ವರ್ಷ ಮದ್ದು ಜಾಸ್ತಿ ತುಂಬಿದ್ರು, ಅಷ್ಟೆ. ಅವತ್ತಿದ್ದ ನೆಲವೇ ಇವತ್ತೂ ಇದೆ, ಒಂದು ತಿರುಪನ್ನೂ ಬದಲಿಸಿಲ್ಲ," ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದ ತಳದಯ್ಯ.

ಇದು ಶುದ್ಧ ಸುಳ್ಳು. ಹೋದ ವರ್ಷದ ಸಿಡಿತದಲ್ಲಿ ಗಾಡಿಯೊಳಗೆ ಕೂರಿಸಿದ್ದ ಗೊಂಬೆಯ ಮೊಣಕಾಲು ಮುರಿದದ್ದು ಮದ್ದಿನಿಂದಲ್ಲ, ಬಿಲ್ಲೆಯ ರಬ್ಬರು ಕಲ್ಲಿನಷ್ಟು ಗಟ್ಟಿಯಾದದ್ದರಿಂದ ಎಂದು ಅವನಿಗೆ ಆವತ್ತೇ ತಿಳಿದಿತ್ತು. ಹಾಗೆಂದು ಸೀಟಣ್ಣನ ಮುಂದೆ ಒಪ್ಪಿಕೊಳ್ಳುವುದುಂಟೆ. ತಿಂಗಳುಗಟ್ಟಲೆ ಮನೆಯ ಅಡುಗೆಮನೆಯಲ್ಲಿ ರಬ್ಬರಿಗೆ ಅದೂ ಇದೂ ಬೆರೆಸಿ, ಅಂಗೈಯಗಲದ ಬಿಲ್ಲೆ ಎರೆದು, ಅವುಗಳ ಮೇಲೆ ರುಬ್ಬುವ ಗುಂಡು ಎತ್ತಿ ಹಾಕಿ ಹಾಕಿ ಹೊಸದೊಂದು ಹದ ಕಂಡುಹಿಡಿದ. ಆ ಬಿಲ್ಲೆ ವಿಚಿತ್ರದ್ದು. ಬೆಣ್ಣೆಯ ಹಾಗೆ ಮೆತ್ತಗಿರುತ್ತಿತ್ತು, ದೊಡ್ಡ ಪೆಟ್ಟು ಬಿದ್ದರೆ ಪೆಟ್ಟನ್ನೆಲ್ಲ ತಾನೇ ನುಂಗಿ ಪುಡಿಯಾಗಿ ಹೋಗುತ್ತಿತ್ತು. ಒಂದು ಬಿಲ್ಲೆಗೆ ಒಂದೇ ಪೆಟ್ಟು. ಎರೆದದ್ದು ಹದಕ್ಕೆ ಬರಬೇಕಾದರೆ ವಾರಗಟ್ಟಲೆ ನೆರಳಿನಲ್ಲಿ ಒಣಗಬೇಕು. ರಜಾ ದಿನವೊಂದರಲ್ಲಿ ಅವನೊಬ್ಬನೇ ಷೆಡ್ಡಿಗೆ ಹೋಗಿ, ಹಳೇ ಬಿಲ್ಲೆಗಳನ್ನೆಲ್ಲ ಕಿತ್ತು ಹೊಸವನ್ನು ಕೂರಿಸಿ ಬಂದಿದ್ದ. ಬಣ್ಣ ಅದೇ ಕಪ್ಪು, ಯಾರಿಗೂ ಗೊತ್ತಾಗಲಿಲ್ಲ. ಮಿಕ್ಕ ಬಿಲ್ಲೆಗಳು ಮನೆಯ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ತುಂಬಿದ್ದವು. ಇನ್ನೊಂದು ನೆಲಕ್ಕೆ ಧಾರಾಳವಾಗಿ ಆಗುವಷ್ಟು. ಆದ್ದರಿಂದ ತಳದಯ್ಯ ನಿಶ್ಚಿಂತನಾಗಿದ್ದ. ಗೆಲ್ಲುವುದು ಖಂಡಿತ. ಮೊದಲಿನಿಂದ ತಾನು ಹೇಳಿದ್ದೇ ಸರಿ ಎಂದೂ ಆಗುತ್ತದೆ.

ಮೈದಾನವೆಂದರೆ ಊರಾಚೆಯ ಬೋಳು ಬಯಲು. ನಡುವೆ ಗಾಡಿ ನಿಂತಿತ್ತು. ಕೆಲಸದವರು ಅದನ್ನು ಎಮ್ಮೆ ಎಂದು ಕರೆಯುತ್ತಿದ್ದರು. ಕಪ್ಪು ಮೈ, ಎತ್ತರದ ಬೆನ್ನು, ಚಿಕ್ಕ ಚಿಕ್ಕ ಕಿಟಕಿಯ ಕಣ್ಣು, ಯಾರು ಏನೆಂದರೂ ಅಲುಗದ ನಿಲುವು. ದೂರದ ಮರೆಗೋಡೆಯ ಪಕ್ಕ ಮ್ಯಾನೇಜರು ಸೈನ್ಯದ ಪರೀಕ್ಷಾಧಿಕಾರಿಗೆ ಕುರ್ಚಿ ಒರೆಸಿಕೊಡುತ್ತಿದ್ದರು. ಈ ಅಧಿಕಾರಿಗೆ ಎಲ್ಲರೂ ಬೆನ್ನ ಹಿಂದೆ ಇಟ್ಟ ಹೆಸರು ಏನುಬೇರೆ ಸಾಹೇಬರು. ಮಿತಭಾಷಿ. ಪ್ರತಿ ಪರೀಕ್ಷೆಯಾದ ಮೇಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಹೋದ ಸಲಕ್ಕೂ ಈ ಸಲಕ್ಕೂ ಏನು ಬೇರೆ? ಉತ್ತರ ಸಿಗುವತನಕ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಗಾಡಿಯೊಳಗೆ ಕೂರಬೇಕಾದವನು ಅಳಿಯ. ಅಳಿಯನೆಂದರೆ ಪರೀಕ್ಷೆಯ ಗೊಂಬೆ. ಮನುಷ್ಯನಷ್ಟೇ ಎತ್ತರ, ಮನುಷ್ಯನಷ್ಟೇ ತೂಕ, ಕಾಲಿನ ಮೂಳೆಯೊಳಗೆ ಪೆಟ್ಟು ಅಳೆಯುವ ಯಂತ್ರ. ಬಹಳ ದುಬಾರಿ, ಕೈಯಲ್ಲಿ ಕೆಲಸವಿಲ್ಲ, ಇಬ್ಬರು ಹಿಡಿದು ಕೂರಿಸಬೇಕು, ಬಟ್ಟೆಯನ್ನೂ ಬೇರೆಯವರೇ ಹಾಕಬೇಕು, ಎಷ್ಟು ಉಪಚಾರ ಮಾಡಿದರೂ ಮುಖದಲ್ಲಿ ನಗೆಯಿಲ್ಲ. ಹಾಗಾಗಿ ಆ ಹೆಸರು.

ಅಳಿಯನಿಗೆ ಬಟ್ಟೆ ತೊಡಿಸಿ ಆಯಿತು. ಉಗ್ರಾಣದವನು ಬೂಟಿನ ಪೆಟ್ಟಿಗೆ ತೆರೆದು, ಒಂದು ಬೂಟು ಎತ್ತಿ ನೋಡಿ, ಇನ್ನೊಂದು ಎತ್ತಿ ನೋಡಿ, ಎರಡನ್ನೂ ಜೋಡಿಸಿ ಹಿಡಿದು, ತಾನೇ ತಲೆ ಓರೆಮಾಡಿದ.

"ಎರಡೂ ಎಡಗಾಲಿನವು," ಎಂದ.

ಒಬ್ಬೊಬ್ಬರಾಗಿ ಬಂದು ನೋಡಿದರು. ನೋಡಿದವರಿಗೆಲ್ಲ ಎಡಗಾಲಿನವೇ ಕಂಡವು.

"ಬೂಟಿಲ್ಲದೆ ಪರೀಕ್ಷೆ ಇಲ್ಲ," ಎಂದರು ಏನುಬೇರೆ ಸಾಹೇಬರು. "ಸೈನಿಕ ಬರಿಗಾಲಲ್ಲಿ ಕೂರೋಲ್ಲ."

ಮ್ಯಾನೇಜರ ಮುಖ ಬಾಡಿತು. ಸಾಹೇಬರು ಇಲ್ಲಿರುವುದು ನಾಳೆಯತನಕ ಮಾತ್ರ. ಉಗ್ರಾಣಕ್ಕೆ ಹೊಸ ಬೂಟು ಬರಲು ವಾರ ಬೇಕು, ಈಗ ತಪ್ಪಿದರೆ ಮುಂದಿನ ವರ್ಷ. "ಯಾರದ್ದಾದ್ರೂ ಬೂಟು ಹಾಕಿದ್ರೆ ನಡೆಯುತ್ತಾ ಸಾರ್?"

"ಚರ್ಮದ್ದು, ಗಟ್ಟಿ ಅಟ್ಟೆಯದು, ಕಣಕಾಲು ಮುಚ್ಚೋದು, ಅಳತೆ ಸರಿಯಾಗಿರೋದು. ಇದ್ದರೆ ಹಾಕಿ."

ಮೈದಾನದಲ್ಲಿದ್ದವರೆಲ್ಲ ಒಬ್ಬರ ಕಾಲನ್ನೊಬ್ಬರು ನೋಡತೊಡಗಿದರು. ಚಾಲಕನದು ಆನೆ ಕಾಲು, ಅದರ ಬೂಟಿಗೆ ಅಳಿಯನ ಎರಡು ಕಾಲೂ ಹಿಡಿಯುತ್ತಿದ್ದವು. ಸೀಟಣ್ಣನ ಬೂಟಿನ ಮೂತಿ ಗಿಳಿಯ ಕೊಕ್ಕಿನಂತಿತ್ತು. ಮ್ಯಾನೇಜರದು ಹೊರಗೆ ಚರ್ಮ, ಒಳಗೆ ರಟ್ಟು. ಸುತ್ತಿ ಸುತ್ತಿ ಎಲ್ಲರ ಕಣ್ಣೂ ತಳದಯ್ಯನ ಪಾದದ ಮೇಲೆ ಬಂದು ನಿಂತವು. ಮಾವನ ಬೂಟುಗಳು ಬಿಸಿಲಿಗೆ ನೇರಳೆ ಹಣ್ಣಿನಂತೆ ಮಿನುಗುತ್ತಿದ್ದವು.

"ಇದಾಗೋಲ್ಲ," ಎಂದ ತಳದಯ್ಯ. "ಇದು ನಂದಲ್ಲ, ನಮ್ಮ ಮಾವಂದು. ಸಂಜೆಗೆ ವಾಪಸ್ ಬೇಕು."

"ಅಳಿಯನಿಗೆ ಮಾವ ಬೂಟು ಕೊಡೋದರಲ್ಲಿ ತಪ್ಪೇನಿದೆ," ಎಂದ ಉಗ್ರಾಣದವನು.

ಸೀಟಣ್ಣ ಕೈಕಟ್ಟಿ ನಿಂತು ನಿಧಾನವಾಗಿ ಹೇಳಿದ, "ಬೇಡ ಬಿಡಿ ಸಾರ್. ಅವನಿಗೇ ಅವನ ನೆಲದ ಮೇಲೆ ನಂಬಿಕೆ ಇಲ್ಲ. ನಂಬಿಕೆ ಇದ್ದಿದ್ರೆ ಬೂಟಿಗೆ ಏನಾದೀತು ಅಂತ ಹೆದರ್ತಿದ್ನಾ?"

ಈ ಮಾತು ತಳದಯ್ಯನಿಗೆ ಎಲ್ಲಿ ತಾಗಬೇಕೋ ಅಲ್ಲಿಗೇ ತಾಗಿತು. "ನನ್ನ ನೆಲದ ಮೇಲೆ ಇಟ್ಟ ಬೂಟಿಗೆ ಗೀರೂ ಬೀಳೋಲ್ಲ. ತಗೊಳ್ಳಿ," ಎಂದು ಅಲ್ಲೇ ಕೂತು ದಾರ ಬಿಚ್ಚಿದ. ಬರಿಗಾಲಲ್ಲಿ ಮೈದಾನದಲ್ಲಿ ನಿಲ್ಲುವಂತಿಲ್ಲವೆಂದು ಗೇಟಿನವನು ತಕರಾರು ತೆಗೆದ. ಕೊನೆಗೆ ಪೆಟ್ಟಿಗೆಯಲ್ಲಿದ್ದ ಎರಡು ಎಡಗಾಲಿನ ಬೂಟುಗಳನ್ನೇ ತಳದಯ್ಯ ಹಾಕಿಕೊಂಡ. ಎದ್ದು ನೇರಕ್ಕೆ ನಡೆದರೆ ಬಲಗಾಲು ಎಡಕ್ಕೇ ಎಳೆಯುತ್ತಿತ್ತು. ಮರೆಗೋಡೆಗೆ ಹೊರಟವನು ಗಾಣದೆತ್ತಿನ ಹಾಗೆ ಅರ್ಧ ಸುತ್ತು ಹಾಕಿ ಮ್ಯಾನೇಜರ ಕುರ್ಚಿಗೆ ಢಿಕ್ಕಿ ಹೊಡೆದು ನಿಂತ.

ಎಲ್ಲರೂ ಮರೆಯಲ್ಲಿ ಕಿವಿ ಮುಚ್ಚಿ ಕೂತರು. ಮೊದಲು ನೆಲ ನಡುಗಿತು, ಸದ್ದು ಆಮೇಲೆ ಬಂತು. ಬಯಲಿನ ಮಣ್ಣೆಲ್ಲ ಮೇಲೆದ್ದು ಹಗಲೇ ಕತ್ತಲಾಯಿತು. ಆ ಧೂಳಿನೊಳಗೆ ಎಮ್ಮೆ ಒಮ್ಮೆ ಮುಂಗಾಲೆತ್ತಿ ನಿಂತದ್ದೂ, ಯೋಚಿಸಿ ಮತ್ತೆ ಕೂತದ್ದೂ ಕಂಡಿತು. ಒಂದು ಚಕ್ರ ಕಳಚಿಕೊಂಡು ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಬಯಲುದ್ದಕ್ಕೂ ಉರುಳಿಕೊಂಡು ಹೋಯಿತು. ಚಕ್ರ ಹೋಗಬೇಕಾದದ್ದೇ, ಸಿಡಿತದ ಪಾಲನ್ನು ಹೊತ್ತುಕೊಂಡು ಹೋಗಲೆಂದೇ ಅದನ್ನು ಹಾಗೆ ಕೂರಿಸಿದ್ದರು.

ಧೂಳು ಅಡಗಿದ ಮೇಲೆ ಬಾಗಿಲು ತೆರೆದರು. ಅಳಿಯ ಊಟವಾದ ಮೇಲೆ ಹಜಾರದಲ್ಲಿ ಕೂತವನ ಹಾಗೆ ಕೂತಿದ್ದ. ಕಾಲಿಗೆ ಕಟ್ಟಿದ ಗಂಟು ಕೂಡ ಸಡಿಲವಾಗಿರಲಿಲ್ಲ. ಮಾವನ ಬೂಟಿನ ಹೊಳಪಿನಲ್ಲಿ ಬಗ್ಗಿ ನೋಡಿದವರ ಮುಖ ಕಾಣುತ್ತಿತ್ತು. ಯಂತ್ರ ನೋಡುವವನು ಕಾಲಿನ ಲೆಕ್ಕ ಓದಿದ. ಮಿತಿಯ ಅರ್ಧಕ್ಕೂ ಬಂದಿರಲಿಲ್ಲ.

ತಳದಯ್ಯನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಸೀಟಣ್ಣನ ಕಡೆಗೆ ನೋಡದೆ, ಆದರೆ ಅವನಿಗೆ ಚೆನ್ನಾಗಿ ಕಾಣುವ ಹಾಗೆ ಎದೆ ಮುಂದೆಮಾಡಿ ನಿಂತ. ಅಳಿಯನ ಬೂಟು ಬಿಚ್ಚಲು ಕೈಹಾಕಿದ.

"ಮುಟ್ಟಬೇಡಿ," ಎಂದರು ಏನುಬೇರೆ ಸಾಹೇಬರು. ಬಂದು ಗಾಡಿಯ ಮೆಟ್ಟಿಲ ಮೇಲೆ ಕೂತರು. "ಹೋದ ಸಲ ಮೂಳೆ ಮುರೀತು. ಈ ಸಲ ಹೂವಿನ ಹಾಗೆ ಇದೆ. ಏನು ಬೇರೆ?"

"ಮದ್ದು ಅಷ್ಟೇ ಸಾರ್, ನಾನೇ ಅಳೆದಿದ್ದು," ಎಂದ ಮದ್ದಿನವನು.

"ಸೀಟು ಅದೇ," ಎಂದ ಸೀಟಣ್ಣ.

"ಗಾಡಿಗೆ ಬಣ್ಣ ಕೂಡ ಬಳಿದಿಲ್ಲ ಸಾರ್, ಉಳಿತಾಯ ಮಾಡಿದ್ದೀವಿ," ಎಂದರು ಮ್ಯಾನೇಜರು.

ಸಾಹೇಬರು ತಳದಯ್ಯನ ಕಡೆ ತಿರುಗಿದರು. "ನಿಮ್ಮ ನೆಲ?"

ತಳದಯ್ಯ ಬಾಯಿ ತೆರೆದ. ಅಷ್ಟರಲ್ಲಿ ಸಾಹೇಬರೇ ಮುಂದುವರಿಸಿದರು. "ಯೋಚಿಸಿ ಹೇಳಿ. ಹೇಳದೇ ಏನಾದ್ರೂ ಬದಲಿಸಿದ್ರೆ ಇವತ್ತಿನ ಪರೀಕ್ಷೆ ಲೆಕ್ಕಕ್ಕಿಲ್ಲ."

"ಒಂದು ತಿರುಪನ್ನೂ ಬದಲಿಸಿಲ್ಲ ಸಾರ್," ಎಂದ ಸೀಟಣ್ಣ, ಇವನ ಪರವಾಗಿ. "ಬೆಳಿಗ್ಗೆ ಬಸ್ಸಲ್ಲಿ ಅವನೇ ಹೇಳಿದ. ಬಸ್ಸಿಗೆ ಬಸ್ಸೇ ಸಾಕ್ಷಿ."

ತಳದಯ್ಯ ಎಡಕ್ಕೆ ಎಳೆದ ಬಲಗಾಲನ್ನು ಸರಿಮಾಡಿಕೊಂಡ. "ಅದೇ ನೆಲ," ಎಂದ. ದನಿ ಅವನಿಗೇ ಕೇಳಿಸಲಿಲ್ಲ.

ಸಾಹೇಬರು ಬಹಳ ಹೊತ್ತು ಅಳಿಯನ ಕಾಲನ್ನೇ ನೋಡಿದರು. "ಮದ್ದು ಅದೇ, ಸೀಟು ಅದೇ, ನೆಲ ಅದೇ. ಬೇರೆ ಆಗಿರೋದು ಬೂಟು ಒಂದೇ. ಅಂದ ಮೇಲೆ ಕಾಲು ಉಳಿಸಿದ್ದು ಬೂಟು."

 ಎದುರು ಹೇಳುವುದಕ್ಕೆ ಜಾಗವೇ ಇರಲಿಲ್ಲ, ಲೆಕ್ಕ ಅಷ್ಟು ಸರಿಯಾಗಿತ್ತು.

"ನಾಳೆ ಬೆಳಿಗ್ಗೆ ನೆಲ ತೆಗೆದುಹಾಕಿ. ಬೂಟು ಒಂದನ್ನೇ ಇಟ್ಟು ಮತ್ತೆ ಸಿಡಿಸೋಣ. ಅಲ್ಲೀತನಕ ಬೂಟು ನನ್ನ ಹತ್ತಿರ ಇರುತ್ತೆ. ನಿಮ್ಮ ಮಾವನ ವಿಳಾಸ ಕೊಡಿ."

ಬಸ್ಸಿನಲ್ಲಿ ಊರಿಗೆ ಬರುವಾಗ ಸೀಟಣ್ಣ ಇವನ ಬೆನ್ನು ಸವರಿದ. "ನೆಲ ಹೋದ್ರೂ ಬೂಟು ಬಂತಲ್ಲ. ಮಾವನ ಹೆಸರಾದ್ರೂ ಉಳೀತು." ತಳದಯ್ಯ ಕಿಟಕಿಯ ಆಚೆ ನೋಡುತ್ತ ಕೂತ. ನಾಳೆ ನೆಲವಿಲ್ಲದೆ ಸಿಡಿಸಿದರೆ ಅಳಿಯನ ಕಾಲು ಪುಡಿ. ಆಗ ತೂಗುನೆಲದ ಬೆಲೆ ತಿಳಿಯುತ್ತದೆ. ಅದು ಸರಿ. ಆದರೆ ಕಾಲಿನ ಜೊತೆಗೆ ಮಾವನ ಬೂಟೂ ಪುಡಿ. ನೆಲ ಗೆಲ್ಲಬೇಕಾದರೆ ಬೂಟು ಹೋಗಬೇಕು, ಬೂಟು ಉಳಿಯಬೇಕಾದರೆ ನೆಲ ಹೋಗಬೇಕು. ಬಸ್ಸಿಳಿದು ಮನೆಯ ಕಡೆ ನಡೆದ. ಎರಡು ಎಡಗಾಲುಗಳು ಅವನನ್ನು ಮೂರು ಸಲ ಬೇರೆಯವರ ಮನೆಯ ಗೇಟಿಗೆ ಕರೆದುಕೊಂಡು ಹೋದವು.

ಮನೆಯ ಮುಂದೆ ಸೈನ್ಯದ ಜೀಪು ನಿಂತಿತ್ತು.

ಒಳಗೆ ಏನುಬೇರೆ ಸಾಹೇಬರು ಚಹಾ ಕುಡಿಯುತ್ತಿದ್ದರು. ನಡುವಿನ ಮೇಜಿನ ಮೇಲೆ, ಹಾಸಿದ ಬಿಳಿ ಬಟ್ಟೆಯ ಮೇಲೆ, ಬೂಟುಗಳು ಕೂತಿದ್ದವು. ಮಾವ ಸನ್ಮಾನಕ್ಕೆಂದು ಒಗೆದ ಅಂಗಿ ತೊಟ್ಟು, ಬಚ್ಚಲಿನ ಚಪ್ಪಲಿಯಲ್ಲಿ, ಸಿಂಹಾಸನದಲ್ಲಿದ್ದವನ ಹಾಗೆ ಕೂತಿದ್ದ. ತಳದಯ್ಯನನ್ನು ನೋಡಿ ಬಯ್ಯಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

"ಬನ್ನಿ ಅಳಿಯಂದ್ರೇ," ಎಂದ. "ನನ್ನ ಬೂಟಿನ ಕೆಳಗೆ ಬಾಂಬು ಇಟ್ರಂತೆ."

"ಮಾವ, ಅದು..."

"ಏನೂ ಆಗಿಲ್ಲವಂತಲ್ಲ. ನಾನು ಸಾಹೇಬರಿಗೆ ಅದನ್ನೇ ಹೇಳ್ತಿದ್ದೆ. ಇದರ ಪಕ್ಕದಲ್ಲಿ ರೈಲೇ ಹೋಗಿದೆ, ಬಾಂಬು ಯಾವ ಲೆಕ್ಕ."

ಸಾಹೇಬರು ಲೋಟ ಕೆಳಗಿಟ್ಟರು. "ಯಜಮಾನರೇ, ಹಳೇ ಬೂಟು ಅಂತೀರಿ. ಇಂಥ ಬೂಟು ನಾನೂ ಬೇಕಾದಷ್ಟು ನೋಡಿದ್ದೀನಿ, ಯಾವುದೂ ಹೀಗೆ ಕಾಲು ಉಳಿಸಿಲ್ಲ. ಮೊದಲಿಗೂ ಈಗಿಗೂ ಇದರಲ್ಲಿ ಏನು ಬೇರೆ?"

ಮಾವ ಈ ಪ್ರಶ್ನೆಗಾಗಿ ಜನ್ಮವೆಲ್ಲ ಕಾದಿದ್ದವನ ಹಾಗೆ ಮುಗುಳ್ನಕ್ಕ. ಬೂಟನ್ನೆತ್ತಿ ಒಳಗೆ ಎರಡು ಬೆರಳು ಹಾಕಿ, ಹಿಮ್ಮಡಿಯ ಜಾಗದಿಂದ ಕಪ್ಪಗಿನ ಒಂದು ಬಿಲ್ಲೆ ಎಳೆದು ತೆಗೆದ. "ನೋವು ತಡೀಲಾರದೆ ಇದನ್ನ ಇಟ್ಟೆ. ಆವತ್ತಿನಿಂದ ನೋವಿಲ್ಲ. ನಾನೇ ಕಂಡುಹಿಡಿದದ್ದು."

ತಳದಯ್ಯನ ಕಣ್ಣು ದೊಡ್ಡವಾದವು. ಬಿಲ್ಲೆ ಅವನದು. ಅಂಚಿನಲ್ಲಿ ಎರೆದ ಅಚ್ಚಿನ ಗುರುತು ಕೂಡ ಹಾಗೇ ಇತ್ತು.  ಆಮೇಲೆ ಅವನೊಳಗೆ ಏನೋ ಬೆಳಕಾಯಿತು. ಎರಡೇ ಹೆಜ್ಜೆಗೆ ಬಂದು, ಎಡಕ್ಕೆ ಜಾರಿ, ಮೇಜು ಹಿಡಿದು ನಿಂತು ಬಿಲ್ಲೆಯನ್ನು ಕಿತ್ತುಕೊಂಡ. ಬಗ್ಗಿಸಿದ, ಹಿಂಡಿದ, ನೆಲಕ್ಕೆ ಹಾಕಿದ. ಬಿಲ್ಲೆ ಕುಣಿದು ವಾಪಸು ಅವನ ಕೈಗೇ ಬಂತು.

"ಸಾರ್, ಇದು ನಂದು. ಇದು ಪೆಟ್ಟು ತಿಂದಿಲ್ಲ. ತಿಂದಿದ್ರೆ ಪುಡಿಯಾಗಬೇಕಾಗಿತ್ತು. ಅಂದ್ರೆ ಸಿಡಿತ ಬೂಟಿನತನಕ ಬರಲೇ ಇಲ್ಲ. ಕೆಳಗೇ ನಿಂತುಹೋಯ್ತು."

"ಕೆಳಗೆ ಎಲ್ಲಿ?"

"ನನ್ನ ನೆಲದಲ್ಲಿ. ಕೊಂಡಿಗಳ ನಡುವೆ ಇವೇ ಬಿಲ್ಲೆ ಇವೆ ಸಾರ್. ಹಳೇವು ಗಟ್ಟಿ ಇದ್ವು, ತಪ್ಪು ನಂದೇ. ಯಾರಿಗೂ ಹೇಳದೆ ನಾನೇ ಬದಲಿಸಿದೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು. ಸಾಹೇಬರು ಜೇಬಿನಿಂದ ಫೋನು ತೆಗೆದು ಮೈದಾನಕ್ಕೆ ಮಾಡಿ, ನೆಲದ ಕೊಂಡಿಗಳ ನಡುವೆ ಏನಿದೆ ನೋಡಿ ಎಂದರು. ಕಾದರು. "ಹಾಂ. ಪುಡಿಯಾ? ಎಲ್ಲವೂ? ಸರಿ." ಫೋನು ಒಳಗಿಟ್ಟು ಎದ್ದರು.

"ಇವತ್ತಿನ ಪರೀಕ್ಷೆ ಲೆಕ್ಕಕ್ಕಿಲ್ಲ. ಹೇಳದೇ ಬದಲಿಸಿದ್ರಿ."

ತಳದಯ್ಯ ತಲೆ ತಗ್ಗಿಸಿದ.

"ಆದರೆ ನೆಲ ನಿಮ್ಮದು ಒಳ್ಳೇದು ಅಂತ ನನಗೂ ಕಾಣ್ತಾ ಇದೆ. ನಾಳೆ ಬೆಳಿಗ್ಗೆ ಇನ್ನೊಂದು ಸಲ ಸಿಡಿಸ್ತೀನಿ. ಗೊಂಬೆಗೆ ಸೈನ್ಯದ ಬೂಟು ನಾನೇ ತರಿಸ್ತೀನಿ, ಒಂದು ಎಡ, ಒಂದು ಬಲ. ನೆಲಕ್ಕೆ ಹೊಸ ಬಿಲ್ಲೆ ಹಾಕ್ಕೊಂಡು ಬನ್ನಿ. ಇದೆಯಾ?"

"ಒಂದು ಡಬ್ಬಿ ತುಂಬ ಇದೆ ಸಾರ್," ಎಂದ ತಳದಯ್ಯ. ಬಾಡಿದ ಗಿಡಕ್ಕೆ ನೀರು ಬಿದ್ದ ಹಾಗೆ ನೆಟ್ಟಗಾದ. "ಎಷ್ಟು ಸಲ ಬೇಕಾದ್ರೂ ಸಿಡಿಸಿ."

"ಇಲ್ಲದಿದ್ರೆ ಕಾಲುಮಣೆಗೆ ಒಪ್ಪಿಗೆ ಕೊಟ್ಟು ನಾನು ಹೊರಡ್ತೀನಿ," ಎಂದು ಹೇಳಿ, ಮಾವನ ಕೈಕುಲುಕಿ, ಸಾಹೇಬರು ಜೀಪು ಹತ್ತಿದರು.

ತಳದಯ್ಯ ಬೂಟು ಬಿಚ್ಚುವಷ್ಟೂ ತಾಳದೆ ಏಣಿ ಇಟ್ಟು ಅಟ್ಟ ಹತ್ತಿದ. ಬಿಸ್ಕತ್ತಿನ ಡಬ್ಬಿ ಇಟ್ಟಲ್ಲೇ ಇತ್ತು. ಎತ್ತಿದರೆ ಹಗುರವಾಗಿ ಎದ್ದು ಬಂತು. ಮುಚ್ಚಳ ತೆಗೆದ. ತಳ ಕಂಡಿತು. ತಳದಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟ ಒಂದು ಜೊತೆ ಬೂಟಿನ ದಾರವಿತ್ತು.

"ಮಾವ," ಎಂದು ಅಟ್ಟದ ಮೇಲಿನಿಂದಲೇ ಕೂಗಿದ. "ಇದರಲ್ಲಿದ್ದ ಬಿಲ್ಲೆಗಳೆಲ್ಲ ಎಲ್ಲಿ?"

ಮಾವ ಕೆಳಗೆ ಕೂತು ಬೂಟು ಏರಿಸುತ್ತಿದ್ದ. ಬಿಲ್ಲೆಯನ್ನು ಅದರ ಜಾಗದಲ್ಲಿ ಕೂರಿಸಿ, ಹಿಮ್ಮಡಿ ಇಟ್ಟು ಎರಡು ಸಲ ಕುಟ್ಟಿ, ಹದ ನೋಡಿ ತಲೆದೂಗಿದ. "ಅದಾ? ಮೂಲೇಲಿ ಬಿದ್ದಿತ್ತು, ಕಸ ಅಂದ್ಕೊಂಡೆ. ನಮ್ಮವರೆಲ್ಲ ಹಳಿ ಮೇಲೆ ನಡೆದವರು, ಯಾರ ಹಿಮ್ಮಡಿ ಸರಿ ಇದೆ? ಒಬ್ಬೊಬ್ಬರಿಗೂ ಒಂದೊಂದು ಜೊತೆ ಕೂರಿಸಿಕೊಟ್ಟೆ. ಕೋಲು ಹಿಡಿದು ಬರ್ತಿದ್ದವರು ಈಗ ಬಸ್ಸಿಗೆ ಓಡ್ತಾರೆ." ದಾರ ಬಿಗಿದು ಎದ್ದು ನಿಂತ. "ಇವತ್ತು ಸನ್ಮಾನ ಯಾತಕ್ಕೆ ಅಂದ್ಕೊಂಡ್ರಿ ಅಳಿಯಂದ್ರೇ?"

ಸಭೆ ಒಂದು ಹಳೇ ಹಜಾರದಲ್ಲಿತ್ತು. ವೇದಿಕೆಯ ಮೇಲೆ ಮಾವ, ಅವನ ಪಕ್ಕ ಮುದುಕರ ಸಂಘದ ಅಧ್ಯಕ್ಷ. ಕೆಳಗೆ ಸಾಲು ಸಾಲಾಗಿ ಹಳಿ ಕಾದ ಮುದುಕರು. ಅಧ್ಯಕ್ಷ ಗಂಟಲು ಸರಿಮಾಡಿಕೊಂಡು, ತಾನು ಈ ವರ್ಷ ಮೊದಲ ಬಾರಿಗೆ ಮಹಡಿ ಹತ್ತಿದ್ದಾಗಿ ಹೇಳಿದ. ಚಪ್ಪಾಳೆ. ಇನ್ನೊಬ್ಬ ಎದ್ದು, ಮೊಮ್ಮಗನನ್ನು ಓಡಿಸಿ ಹಿಡಿದದ್ದಾಗಿ ಹೇಳಿದ. ಮತ್ತೂ ದೊಡ್ಡ ಚಪ್ಪಾಳೆ.

"ಇಷ್ಟು ದೊಡ್ಡ ಕೆಲಸ ಮಾಡಿದ ಇವರ ಅಳಿಯಂದಿರೂ ಇಲ್ಲೇ ಇದ್ದಾರೆ," ಎಂದ ಅಧ್ಯಕ್ಷ. "ಅವರೂ ಇಂಥದ್ದೇ ಏನೋ ಕೆಲಸದಲ್ಲಿ ಇದ್ದಾರಂತೆ."

"ಇದ್ದಾನೆ," ಎಂದ ಮಾವ ಪ್ರೀತಿಯಿಂದ. "ಇನ್ನೂ ಕಲೀತಿದ್ದಾನೆ."

ಹಿಂದಿನ ಸಾಲಿನಲ್ಲಿ ನಿಂತಿದ್ದ ತಳದಯ್ಯ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕುರ್ಚಿಗಳ ಕೆಳಗೆ ನೋಡುತ್ತಿದ್ದ. ಅವನ ತೂಗುನೆಲ ಪೂರ್ತಿಯಾಗಿ ಅಲ್ಲಿತ್ತು, ಸಾಲು ಸಾಲಾಗಿ, ಬೂಟಿಗೆ ಒಂದರಂತೆ ಹಂಚಿಹೋಗಿ. ಚಪ್ಪಾಳೆಗೆ ತಾಳ ಹಾಕುತ್ತ ಎಲ್ಲ ಹಿಮ್ಮಡಿಗಳೂ ಖುಷಿಯಿಂದ ಕುಣಿಯುತ್ತಿದ್ದವು. ಬೆಳಗಾಗುವುದರೊಳಗೆ ಅಷ್ಟನ್ನೂ ಬಿಡಿಸಿಕೊಳ್ಳಬೇಕು. ವಿಷಯ ಬಿಡಿಸಿ ಹೇಳಿದರೆ ಇವರು ಕೊಡುತ್ತಾರೆ, ದೇಶದ ಸೈನಿಕರ ಕಾಲಿನ ಪ್ರಶ್ನೆ ಎಂದು ಧೈರ್ಯ ತಂದುಕೊಂಡ. ಎಡಕ್ಕೆ ಎಳೆಯುತ್ತಿದ್ದ ಬಲಗಾಲನ್ನು ಹತೋಟಿಗೆ ತಂದು, ಮೊದಲ ಸಾಲಿನ ತುದಿಯಲ್ಲಿ ಕೂತಿದ್ದ ಮುದುಕನ ಮುಂದೆ ಹೋಗಿ ಮಂಡಿಯೂರಿ, ಅವನ ಬೂಟಿಗೆ ಮೆಲ್ಲನೆ ಕೈಹಾಕಿದ.

"ತಾತ, ಇದನ್ನ ಸ್ವಲ್ಪ..." ಎಂದ.

ಮುದುಕನ ಮುಖ ಅರಳಿತು. ಬೂಟಿನ ಸಮೇತ ಕಾಲನ್ನೆತ್ತಿ ತಳದಯ್ಯನ ತೊಡೆಯ ಮೇಲೆ ಧಾರಾಳವಾಗಿ ಇಟ್ಟ.

"ಅಳಿಯನನ್ನೂ ಕೆಲಸಕ್ಕೆ ಹಚ್ಚಿದ್ದೀಯಾ? ಒಳ್ಳೇದಾಯ್ತು," ಎಂದು ವೇದಿಕೆಯ ಕಡೆ ಕೂಗಿ ಹೇಳಿ, ಇವನ ಕಡೆ ಬಗ್ಗಿದ. "ನೋಡು ತಮ್ಮಾ, ಬಲಗಾಲಿಂದು ಸರಿಯಾಗಿದೆ. ಎಡಗಾಲಿನ ಬಿಲ್ಲೆ ಒಂಚೂರು ತೆಳ್ಳಗಾಯ್ತು. ಇನ್ನೊಂದು ಸೇರಿಸಿಬಿಡು."

ಅದನ್ನು ಕೇಳಿದ್ದೇ ತಡ, ಸಾಲಿನುದ್ದಕ್ಕೂ ಮುದುಕರೆಲ್ಲ ಕುರ್ಚಿ ಸರಿಸಿಕೊಂಡು, ತಂತಮ್ಮ ಕಾಲನ್ನು ಅವನ ಕಡೆಗೆ ಚಾಚಿದರು.